ಕೆಂಪು ಗಾಡಿಯೂ ಹೀರೇಕಾಯಿ ಬಜ್ಜಿಯೂ

ನಮ್ಮೂರಿನ ಬಸ್ಸಿನ ಬಾಗಿಲ ಮೇಲೆ ಮೂರು ಸೂಚನೆಗಳಿವೆ. ಒಂದು, ಧೂಮಪಾನ ನಿಷೇಧಿಸಲಾಗಿದೆ. ಎರಡು, ಕೈ ತಲೆ ಹೊರಗೆ ಚಾಚಬಾರದು. ಮೂರು, ಕೇಶವ ಮೇಷ್ಟ್ರನ್ನು ಹತ್ತಿಸಿಕೊಳ್ಳಬಾರದು. ಆ ಕೇಶವ ಮೇಷ್ಟ್ರು ನಾನೇ. ಕೇಶವನ್ನು ಹೆಸರಿನಲ್ಲಿ ಮಾತ್ರ ಉಳಿಸಿಕೊಂಡು, ಇಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವ ನಲವತ್ತೈದರ ಮನುಷ್ಯ. ಯಾರ ಜೇಬಿಗೂ ಕೈ ಹಾಕಿದವನಲ್ಲ, ಟಿಕೆಟ್ ಇಲ್ಲದೆ ಕೂತವನಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ ಎಂಟೂ ಹತ್ತರ ಬಸ್ಸಿನಲ್ಲಿ, ನಮ್ಮ ಹೆಡ್‌ಮಾಸ್ಟರು ಮೈಕು ಸರಿಯಿದೆಯೋ ಇಲ್ಲವೋ ಎಂದು ಊದಿ ಊದಿ ನೋಡುವುದನ್ನು ಮಾಡಿ ತೋರಿಸಿದೆ, ಅಷ್ಟೇ. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಂದೂವರೆ ಕಿಲೋಮೀಟರಿನ ದಾರಿ. ಬಸ್ಸು ಶಾಲೆ ಮುಟ್ಟಿದ್ದು ಮಧ್ಯಾಹ್ನ ಮೂರಕ್ಕೆ, ಅದೂ ಡೀಸೆಲ್ ಮುಗಿದು, ಕೊನೆಯ ಒಂದು ಫರ್ಲಾಂಗು ನಮ್ಮ ಕೈಯಲ್ಲಿ ತಳ್ಳಿಸಿಕೊಂಡು. ತಳ್ಳುವಾಗ ಯಾರಿಗೂ ನಗು ಬರಲಿಲ್ಲವಾದ್ದರಿಂದ ಆ ಫರ್ಲಾಂಗು ಮಾತ್ರ ಫರ್ಲಾಂಗಿನಷ್ಟೇ ಇತ್ತು.

ನಮ್ಮೂರ ದಾರಿಗಳೇ ಹಾಗೆ. ಖುಷಿಯಾಗಿ ಹೋದರೆ ಉದ್ದವಾಗುತ್ತವೆ, ಬೇಸರ ಪಟ್ಟುಕೊಂಡು ಹೋದರೆ ಗಿಡ್ಡವಾಗುತ್ತವೆ. ಇದಕ್ಕೆ ತಕ್ಕಂತೆ ನಾವು ಬದುಕು ಹೊಂದಿಸಿಕೊಂಡಿದ್ದೇವೆ. ಎಕ್ಸ್‌ಪ್ರೆಸ್ ಬಸ್ಸಿಗೆ ಕಿಟಕಿಗಳಿಲ್ಲ, ಕಂಡಕ್ಟರು ಟಿಕೆಟ್ಟಿನ ಹಿಂದೆ ಅಚ್ಚಾದ ನಿಯಮಗಳನ್ನು ಗಟ್ಟಿಯಾಗಿ ಓದುತ್ತಾ ಬರುತ್ತಾನೆ, ಎರಡನೇ ನಿಯಮ ಮುಗಿಯುವಷ್ಟರಲ್ಲಿ ಪೇಟೆ ಬಂದಿರುತ್ತದೆ. ಮದುವೆಯಾದ ಜೋಡಿಯನ್ನು ಛತ್ರದಿಂದ ಮನೆಗೆ ಕಳಿಸುವಾಗ ನಡುವೆ ಒಬ್ಬ ಅತ್ತೆಯನ್ನು ಕೂರಿಸುವ ಪದ್ಧತಿಯಿದೆ. ನಡುವಿನತ್ತೆ ಎಂದೇ ಅವರಿಗೆ ಹೆಸರು, ಸೀರೆ ಉಡುಗೊರೆ ಬೇರೆ ಉಂಟು. ಅವರು ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ವಿಷಯ ಹೇಳುತ್ತಾರೆ. ಒಂದು ಮದುವೆಯಲ್ಲಿ ಅತ್ತೆ ನಿದ್ದೆ ಹೋಗಿಬಿಟ್ಟು, ಗಂಡುಹೆಣ್ಣು ಮನೆ ಮುಟ್ಟುವಷ್ಟರಲ್ಲಿ ಬೀಗರ ಊಟ ಹಳಸಿತ್ತಂತೆ. ಇನ್ನು ಮೈಲಿಗಲ್ಲುಗಳ ಮೇಲೆ ಅಂಕಿ ಇರಬೇಕಾದ ಕಡೆ ನಮ್ಮಲ್ಲಿ ಸ್ಲೇಟುಗಳಿವೆ. ಹೋದವರು ತಮಗೆ ಎಷ್ಟು ದೂರವಾಯಿತೋ ಅಷ್ಟನ್ನು ಬಳಪದಲ್ಲಿ ಬರೆದು ಹೋಗುತ್ತಾರೆ. ಒಂದರ ಮೇಲೆ ನಾನೇ ನೋಡಿದ್ದೇನೆ: ‘ಹೋಗುವಾಗ ಎರಡು, ಬರುವಾಗ ಕೇಳಬೇಡಿ.’

ಈ ಸ್ಲೇಟುಗಳನ್ನು ಕೂರಿಸಿದವರು ನಮ್ಮ ಮಾವ, ಸರ್ವೇಯರ್ ಶ್ಯಾಮಣ್ಣನವರು. ಅವರು ಅಳೆದದ್ದು ಇನ್ನೊಬ್ಬರು ಅಳೆದದ್ದಕ್ಕೆ ಒಂದು ದಿನವೂ ತಾಳೆಯಾಗಲಿಲ್ಲ, ಯಾಕೆಂದರೆ ಅವರ ಹತ್ತಿರ ಒಂದು ಹಳೆಯ ತೆರೆದ ಜೀಪಿತ್ತು ಮತ್ತು ಅದನ್ನು ಓಡಿಸುವಾಗ ಅವರು ಹಾಡುತ್ತಿದ್ದರು. ಮೂರು ಸಲ ಸಸ್ಪೆಂಡ್ ಆಗಿ, ಮೂರು ಸಲವೂ ಜೀಪಿನಲ್ಲೇ ಮನೆಗೆ ಬಂದರು, ಮೂರು ಸಲವೂ ತಡವಾಗಿ. ನನ್ನ ಹೆಂಡತಿ ಮಂದಾಕಿನಿ ಆ ಜೀಪಿನ ಮುಂದಿನ ಸೀಟಿನಲ್ಲಿ ಬೆಳೆದವಳು. ಅವಳ ಅಣ್ಣ ಅಚ್ಯುತಣ್ಣ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು, ಮಿಕ್ಕ ಹೊತ್ತು ನಿದ್ದೆ ಮಾಡಿ ಬೆಳೆದವರು. ಇಬ್ಬರ ಸ್ವಭಾವಕ್ಕೂ ಬೇರೆ ವಿವರಣೆ ಬೇಕಾಗಿಲ್ಲ.

ಮಂದಾ ಹೆಸರಿಗಷ್ಟೇ ಮಂದ. ನಮ್ಮೂರಿಗೂ ಸುತ್ತಿನ ಹನ್ನೆರಡು ಹಳ್ಳಿಗಳಿಗೂ ಅವಳೊಬ್ಬಳೇ ಹೆರಿಗೆ ನರ್ಸು. ಹದಿಮೂರು ವರ್ಷದಲ್ಲಿ ಆರುನೂರು ಚಿಲ್ಲರೆ ಹೆರಿಗೆ ಮಾಡಿಸಿದ್ದಾಳೆ, ಒಂದಕ್ಕೂ ತಡವಾಗಿ ಹೋದವಳಲ್ಲ. ಅದಕ್ಕೆ ಕಾರಣ ಅವಳ ಚುರುಕುತನ ಎಷ್ಟೋ, ಅವಳ ಗಾಡಿಯೂ ಅಷ್ಟೇ. ನಮ್ಮೂರಲ್ಲಿ ಎಲ್ಲರೂ ಕೊಳ್ಳುವುದು ಬೂದು ಬಣ್ಣದ ಒಂದೇ ಕಾರು, ನಾವದನ್ನು ಡಬ್ಬಿ ಎನ್ನುತ್ತೇವೆ. ಸೀಟು ಚುಚ್ಚುತ್ತದೆ, ಕಿಟಕಿ ಕೆನ್ನೆಯ ಮೇಲಕ್ಕಿದೆ, ಇಂಜಿನ್ನು ಹಳೆಯ ಫ್ರಿಜ್ಜಿನ ಹಾಗೆ ಗುಂಯ್ ಎನ್ನುತ್ತದೆ. ಶೋರೂಮಿನಲ್ಲಿ ಅದನ್ನು ಹೊಗಳುವ ಮಾತೇ ಬೇರೆ: “ಸಾರ್, ಕಣ್ಮುಚ್ಚಿ ತಗೊಳ್ಳಿ. ಈ ಗಾಡೀಲಿ ಇವತ್ತಿನವರೆಗೂ ಒಬ್ರೂ ಹಾಡು ಹೇಳಿಲ್ಲ.”

ಅದೇ ಶೋರೂಮಿನ ಮೂಲೆಯಲ್ಲಿ ಮೂರು ವರ್ಷದಿಂದ ಒಂದು ಕೆಂಪು ಗಾಡಿ ನಿಂತಿತ್ತು. ಮೇಲ್ಛಾವಣಿ ಮಡಚಿ ಹಿಂದಕ್ಕೆ ಹೋಗುತ್ತಿತ್ತು. ಡಬ್ಬಿಗಿಂತ ಮೂರು ಲಕ್ಷ ಹೆಚ್ಚು. ತಡವಾಗಿ ತಲುಪುವುದಕ್ಕೆ ಮೂರು ಲಕ್ಷ ಹೆಚ್ಚು ಕೊಡುವ ಹುಚ್ಚು ನಮ್ಮೂರಲ್ಲಿ ಯಾರಿಗಿದೆ? ಮಾರುವವನು ದಿನಾ ಅದರ ಧೂಳು ಒರೆಸುತ್ತಿದ್ದ, ಒರೆಸುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದ. ಮಂದಾ ಪ್ರತಿ ಶನಿವಾರ ಸಂತೆಯಿಂದ ಬರುವಾಗ ಗಾಜಿನ ಆಚೆ ನಿಂತು ಅದನ್ನು ನೋಡುತ್ತಿದ್ದಳು. ಒಂದು ಶನಿವಾರ ಒಳಕ್ಕೆ ಹೋಗಿ, ಕೂತು, ಸ್ಟೇರಿಂಗ್ ಮೇಲೆ ಕೈಯಿಟ್ಟಳು. ಮನೆಗೆ ಬಂದು ಸೊಪ್ಪು ಬಿಡಿಸುತ್ತಾ, “ರೀ, ಅದನ್ನ ತಗೊಳ್ಳೋಣ” ಎಂದಳು.

“ಎಲ್ಲಿಗೂ ಹೋಗೋಕಾಗಲ್ಲ ಕಣೇ. ಹೊರಟರೆ ಹೊರಟದ್ದೇ” ಎಂದೆ.

“ನೋಡ್ರಿ, ಆರುನೂರು ಹೆರಿಗೆಗೆ ಹೋಗಿದೀನಿ. ಒಂದರಿಂದಾನೂ ವಾಪಸ್ ಬಂದ ದಾರಿ ನನಗೆ ನೆನಪಿಲ್ಲ. ಮಗು ಅತ್ತ ತಕ್ಷಣ ನನಗೆ ಎಷ್ಟು ಖುಷಿಯಾಗತ್ತೆ ಗೊತ್ತಾ? ಆ ಖುಷಿ ಇಟ್ಕೊಂಡು ಡಬ್ಬಿಗೆ ಕೂರ್ತೀನಿ, ಗುಂಯ್ ಅನ್ನತ್ತೆ, ಮನೆ ಬಂದ್ಬಿಡತ್ತೆ. ಖುಷಿನ ಎಲ್ಲಿ ಇಡಲಿ?”

ಆಮೇಲೆ ಅವಳು ಇನ್ನೂ ಒಂದು ಮಾತು ಹೇಳಿದಳು, ನಾನು ಮದುವೆಯಾದಂದಿನಿಂದ ಕೇಳುತ್ತಾ ಬಂದಿದ್ದು. ಅಪ್ಪನ ಜೀಪಿನಲ್ಲಿ ಹೋಗುವಾಗ ದಾರಿಯಲ್ಲಿ ಒಂದು ಬಜ್ಜಿ ಅಂಗಡಿ ಸಿಗುತ್ತಿತ್ತಂತೆ. ಹುಣಸೇಮರದ ಕೆಳಗೆ, ನೀಲಿ ಬೆಂಚು, ಹೀರೇಕಾಯಿ ಬಜ್ಜಿ. ಆ ಬಜ್ಜಿಯ ರುಚಿ ಮತ್ತೆಲ್ಲೂ ಸಿಕ್ಕಿಲ್ಲ, ಆ ಅಂಗಡಿಯೂ ಸಿಕ್ಕಿಲ್ಲ. ಡಬ್ಬಿಯಲ್ಲಿ ಎಲ್ಲ ದಾರಿಯನ್ನೂ ಹುಡುಕಿದ್ದಾಳೆ. ಅಚ್ಯುತಣ್ಣ ಮಾತ್ರ, “ಅಂಥ ಅಂಗಡಿನೇ ಇರಲಿಲ್ಲ. ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ, ನಾನೂ ಜೀಪಲ್ಲೇ ಇದ್ದೆ” ಎನ್ನುತ್ತಾರೆ.

ಅಚ್ಯುತಣ್ಣನವರ ಬಗ್ಗೆ ಸ್ವಲ್ಪ ಹೇಳಬೇಕು. ಸಂಬಂಧದಲ್ಲಿ ನನಗೆ ಭಾವ. ಭಾವನೆಗಳ ಅಭಾವವನ್ನೇ ಬಂಡವಾಳ ಮಾಡಿಕೊಂಡ ಭಾವ. ಪುರಸಭೆಯಲ್ಲಿ ಕಂದಾಯದ ಗುಮಾಸ್ತರು, ಜೀವಮಾನದಲ್ಲಿ ಕಚೇರಿಗೆ ಒಂದು ನಿಮಿಷ ತಡವಾದವರಲ್ಲ. ಮೈಲೇಜ್ ಕೊಡದ ಗಾಡಿ ಅವರಿಗೆ ಮೈಲಿಗೆ. ತಂಗಿ ಕೆಂಪು ಗಾಡಿಯ ಆಸೆಯಲ್ಲಿದ್ದಾಳೆ ಎಂದು ತಿಳಿದದ್ದೇ ತಡ, ದಿನಾ ಸಂಜೆ ಆರಕ್ಕೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಗಂಟಲು ಎರಡು ಸಲ ಸರಿಮಾಡಿಕೊಂಡು, “ವಿಷಯ ಏನಪ್ಪಾ ಅಂದ್ರೆ ಮೇಷ್ಟ್ರೇ…” ಎಂದು ಶುರುಮಾಡುತ್ತಿದ್ದರು. ಡಿಕ್ಕಿಯ ಜಾಗ, ಟೈರಿನ ಸವೆತ, ಐದು ವರ್ಷದ ಮೇಲೆ ಮಾರಿದರೆ ಬರುವುದೆಷ್ಟು, ಕೆಂಪು ಬಣ್ಣ ಬಿಸಿಲಿಗೆ ಎಷ್ಟು ಮಂಕಾಗುತ್ತದೆ. “ಖುಷಿಯಾದ್ರೆ ದಾರಿ ಉದ್ದ, ದಾರಿ ಉದ್ದ ಆದ್ರೆ ಪೆಟ್ರೋಲ್ ಜಾಸ್ತಿ. ಅಂದ್ರೆ ಇವಳು ಖುಷಿಪಟ್ಟಷ್ಟೂ ನೀವು ಪೆಟ್ರೋಲ್ ಹಾಕಿಸ್ಬೇಕು. ಇಂಥ ಯಂತ್ರಾನ ಯಾರಾದ್ರೂ ದುಡ್ಡು ಕೊಟ್ಟು ತಗೋತಾರಾ?” ಹೀಗೆ ಆರು ತಿಂಗಳು. ಅವರು ಮಾತಾಡುತ್ತಿದ್ದಾಗ ನಮ್ಮ ಪಡಸಾಲೆಯೇ ಸ್ವಲ್ಪ ಚಿಕ್ಕದಾದಂತೆ ಅನ್ನಿಸುತ್ತಿತ್ತು. ಅವರು ಹೋದಮೇಲೆ ನಾನು ಅದೇ ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡು ಅವರನ್ನು ಮಾಡಿ ತೋರಿಸುತ್ತಿದ್ದೆ, ಮಂದಾ ಬಿದ್ದು ಬಿದ್ದು ನಗುತ್ತಿದ್ದಳು.

ಕೊನೆಗೆ ಅವಳು ಅಣ್ಣನ ಮುಂದೆಯೇ ತೀರ್ಮಾನ ಹೇಳಿದಳು. “ಡಬ್ಬಿನ ಶೋರೂಮಿನವರಿಗೇ ಕೊಟ್ಟು ಕೆಂಪು ಗಾಡಿ ತರ್ತೀನಿ ಅಣ್ಣ. ಹದಿನೈದು ದಿನದೊಳಗೆ ಬೇಡ ಅಂದ್ರೆ ವಾಪಸ್ ತಗೋತಾರೆ. ಈ ಹದಿನೈದು ದಿನದಲ್ಲಿ ಒಂದೇ ಒಂದು ಹೆರಿಗೆಗೆ ತಡವಾದ್ರೂ ನಾನೇ ಹೋಗಿ ಬೀಗದ ಕೈ ಕೊಟ್ಟು ಬರ್ತೀನಿ. ಮತ್ತೆ ಆ ಕಡೆ ತಿರುಗಿ ನೋಡಲ್ಲ.” ಅಚ್ಯುತಣ್ಣ ಮರುದಿನವೇ ಶೋರೂಮಿಗೆ ಹೋಗಿ ವಾಪಸಾತಿಯ ಅರ್ಜಿ ನಮೂನೆ ತಂದು, ತಂಗಿಯ ಹೆಸರು ವಿಳಾಸ ಎಲ್ಲ ತುಂಬಿ, ಸಹಿಯೊಂದನ್ನು ಬಾಕಿಯಿಟ್ಟು ಜೇಬಿನಲ್ಲಿಟ್ಟುಕೊಂಡರು.

ಗಾಡಿ ಬಂತು. ಅದರ ಗೇರು ಬೆಣ್ಣೆಯಲ್ಲಿ ಚಮಚ ಇಳಿದ ಹಾಗೆ ಬೀಳುತ್ತಿತ್ತು. ಮೊದಲ ದಿನ ಕೊತ್ತಂಬರಿ ಸೊಪ್ಪು ತರಲು ಇಬ್ಬರೂ ಮಾರ್ಕೆಟ್ಟಿಗೆ ಹೊರಟೆವು. ಮನೆಯಿಂದ ಮಾರ್ಕೆಟ್ಟು ಕಾಣುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಹನ್ನೊಂದೂವರೆಗೆ ತಲುಪಿದೆವು, ನಡುವೆ ನಾನು ಹುಟ್ಟಿದಂದಿನಿಂದ ನೋಡದ ಎರಡು ಕೆರೆ, ಒಂದು ಸೂರ್ಯಕಾಂತಿಯ ಹೊಲ ಸಿಕ್ಕವು. ಸಾರಿಗೆ ಕೊತ್ತಂಬರಿ ಇಲ್ಲದೆ ಊಟ ಮಾಡುವುದು ಅಭ್ಯಾಸವಾಯಿತು. ಹೆರಿಗೆಗಳು ಮಾತ್ರ ಅದೃಷ್ಟಕ್ಕೆ ಮೊದಲ ಎರಡು ವಾರ ನಮ್ಮ ಬೀದಿ, ಪಕ್ಕದ ಬೀದಿಗಳಲ್ಲೇ ಆದವು. ಮಂದಾ ನಡೆದುಕೊಂಡೇ ಹೋಗಿ ಬಂದಳು. ಅಚ್ಯುತಣ್ಣ ದಿನಾ ಆರಕ್ಕೆ ಬಂದು, “ಇವತ್ತೂ ನಡ್ಕೊಂಡೇ?” ಎಂದು ಕೇಳಿ, ಜೇಬು ಮುಟ್ಟಿನೋಡಿಕೊಂಡು ಹೋಗುತ್ತಿದ್ದರು.

ಹದಿನೈದನೆಯ ದಿನ ಭಾನುವಾರ. ಮಧ್ಯಾಹ್ನ ಎರಡೂಕಾಲಕ್ಕೆ ಮಂದಾಳ ಫೋನು ಬಡಿದುಕೊಂಡಿತು. ಸುಣ್ಣದಗೂಡಿನಿಂದ ಜವರಮ್ಮ. ಸುಣ್ಣದಗೂಡು ಎಂದರೆ ಊರಾಚೆಯ ಸುಣ್ಣದ ಭಟ್ಟಿಯ ಸುತ್ತ ಇರುವ ಇಪ್ಪತ್ತು ಮನೆ. ಫೋನು ನನಗೂ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಿತ್ತು. “ನರ್ಸಮ್ಮಾ, ನಮ್ಮ ಸೊಸೆಗೆ ನೋವು ಶುರುವಾಗೈತೆ! ಹೋದ್ಸಲದಂಗೇ ಬಿರ್ರನೆ ಬತ್ತಾ ಐತೆ, ನಂಗ್ಯಾಕೋ ಭಯ ಕನವ್ವಾ!”

“ಪುಟ್ಟತಾಯಿನ ಎಡಗಡೆಗೆ ಮಲಗಿಸು ಜವರಮ್ಮ. ನೀರು ಕಾಯ್ಸು. ಬಂದೆ” ಎಂದು ಮಂದಾ ಫೋನಿಟ್ಟು ನನ್ನ ಮುಖ ನೋಡಿದಳು. ಡಬ್ಬಿಯಲ್ಲಿ ಸುಣ್ಣದಗೂಡು ಎಂಟು ನಿಮಿಷ. “ಅಣ್ಣನ ಗಾಡಿ ಕೇಳಲಾ?” ಎಂದಳು. ಕೇಳಿದಳು. ಅಣ್ಣನ ಡಬ್ಬಿ ಸರ್ವಿಸಿಗೆ ಹೋಗಿತ್ತು, ಸೀಟು ಸ್ವಲ್ಪ ಮೆತ್ತಗಾಗಿದೆಯೆಂದು ಗಟ್ಟಿ ಮಾಡಿಸಲು. ಆಸ್ಪತ್ರೆಯ ವ್ಯಾನು ಇನ್ನೊಂದು ದಿಕ್ಕಿಗೆ ಹೋಗಿತ್ತು. ಮಂದಾ ಚೀಲ ಎತ್ತಿಕೊಂಡು ಕೆಂಪು ಗಾಡಿಯಲ್ಲಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ. ಬಸ್ಸಿನವರು ನೋಡಿದ್ದರೆ ನನ್ನನ್ನು ಕಾಲರು ಹಿಡಿದು ಇಳಿಸುತ್ತಿದ್ದರು.

ಊರು ದಾಟಿದ ಕೂಡಲೇ ಎದುರಿಗೆ ಭಟ್ಟಿಯ ಚಿಮಣಿ ಕಾಣಿಸಿತು, ನೆಟ್ಟಗೆ, ಹೆಬ್ಬೆರಳಿನಷ್ಟು ದಪ್ಪವಾಗಿ. ಮಂದಾ ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದಳು. ಮೊದಲ ತಿರುವು ಬಂತು. ಗಾಡಿ ನೆಲಕ್ಕೆ ಕಿವಿಗೊಟ್ಟ ಹಾಗೆ ಬಾಗಿ, ತಿರುಗಿ, ಎದ್ದಿತು. ನಾನು ಚಿಮಣಿ ನೋಡಿದೆ. ಅದು ಕಿರುಬೆರಳಾಗಿತ್ತು.

“ಮಂದಾ, ಖುಷಿಪಡಬೇಡ!”

“ನಾನೆಲ್ಲಿ ಪಡ್ತಿದೀನಿ? ಕೈ ಪಡ್ತಾ ಇದೆ!” ಎಂದು ಅವಳು ಕೂಗಿದಳು. ಕೂಗಿನಲ್ಲಿ ಅಳುವೂ ಇತ್ತು. “ಪುಟ್ಟತಾಯಿಗೆ ಇದು ಎರಡನೇದು ರೀ. ಕಾಯಲ್ಲ ಅದು. ಏನಾದ್ರೂ ಮಾಡಿ. ಬೇಜಾರು ಮಾಡ್ಸಿ ನನಗೆ!”

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿಕೊಂಡಿರಲಿಲ್ಲ. ಊರಿನಲ್ಲೇ ಅತಿ ಬೇಜಾರಿನ ಮನುಷ್ಯ ಯಾರು? ಯೋಚಿಸಬೇಕಾದ್ದೇ ಇರಲಿಲ್ಲ. ಸೀಟಿನ ತುದಿಗೆ ಸರಿದು, ಗಂಟಲು ಎರಡು ಸಲ ಸರಿಮಾಡಿಕೊಂಡು, ಅಚ್ಯುತಣ್ಣನ ದನಿಯಲ್ಲಿ, “ವಿಷಯ ಏನಪ್ಪಾ ಅಂದ್ರೆ ಮೇಷ್ಟ್ರೇ, ಈಗ ಟೈರ್ ತಗೊಳ್ಳಿ…” ಎಂದೆ. ಮಂದಾ ತುಟಿ ಕಚ್ಚಿದಳು. ತಡೆದಳು. “ಟೈರ್ ಅಂದ್ರೆ ದುಂಡಗಿರತ್ತೆ, ದುಂಡಗಿರೋದ್ರಿಂದ ಸವೆಯತ್ತೆ” ಎಂದೆ. ಅವಳು ಫಕ್ಕನೆ ನಕ್ಕುಬಿಟ್ಟಳು. ಎರಡೂ ಬದಿಯಲ್ಲಿ ಜೋಳದ ಹೊಲಗಳು ಚಾಪೆ ಬಿಚ್ಚಿದ ಹಾಗೆ ಬಿಚ್ಚಿಕೊಂಡವು. ಚಿಮಣಿ ಬೆಂಕಿಕಡ್ಡಿಯಾಯಿತು.

“ನಿಮ್ಮ ಕಾಲಿಗೆ ಬೀಳ್ತೀನಿ, ನಗಿಸ್ಬೇಡಿ!” ಎಂದಳು, ನಗುತ್ತಲೇ, ಕಣ್ಣೊರೆಸಿಕೊಳ್ಳುತ್ತಲೇ.

ಹೆಡ್‌ಮಾಸ್ಟರನ್ನು ಪ್ರಯತ್ನಿಸಲು ಧೈರ್ಯವಾಗಲಿಲ್ಲ. ನಡುವಿನತ್ತೆಯ ಮಂಡಿನೋವು ನೆನಪಾಯಿತು, ಅದನ್ನು ಮಾಡಿದರೂ ಅವಳು ನಗುತ್ತಾಳೆ. ನನ್ನ ಚೀಲದಲ್ಲಿದ್ದ ದನಿಗಳೆಲ್ಲ ನಗಿಸುವುದಕ್ಕೆಂದೇ ಮಾಡಿಟ್ಟುಕೊಂಡವು. ತಡಕಾಡಿ ತಡಕಾಡಿ ತಳದಲ್ಲಿ ಒಂದೇ ಒಂದು ಉಳಿದಿತ್ತು, ಬಳಸದೆ ಬಿಟ್ಟದ್ದು, ನನ್ನದೇ.

“ಮಂದಾ,” ಎಂದೆ, “ಒಂದು ನಿಜ ಹೇಳ್ತೀನಿ. ನಾನೂ ಲೆಕ್ಕ ಹಾಕಿದ್ದೆ.”

“ಏನು ಲೆಕ್ಕ?”

“ಈ ಗಾಡಿ ತಗೋಬೇಕೋ ಬೇಡವೋ ಅಂತ. ನಿಮ್ಮಣ್ಣ ಹೇಳಿದ್ದನ್ನೆಲ್ಲ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರ್ಕೊಂಡು, ಒಂಬತ್ತನೇ ಕ್ಲಾಸು ‘ಬಿ’ ಸೆಕ್ಷನ್‌ನೋರು ಪರೀಕ್ಷೆ ಬರೀವಾಗ ಕೂತು ಮಾಡಿದೆ. ಮೊದಲನೇದು ಡಿಕ್ಕಿ. ಡಬ್ಬಿಯ ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಿಡಿಯತ್ತೆ. ಇದರಲ್ಲಿ ಒಂದೂವರೆ. ನಾವು ವರ್ಷಕ್ಕೆ ನಾಲ್ಕು ಮೂಟೆ ತರ್ತೀವಿ. ಅಂದ್ರೆ ಡಬ್ಬಿಯಲ್ಲಿ ಎರಡು ಸಲ, ಇದರಲ್ಲಿ ಹತ್ತಿರ ಹತ್ತಿರ ಎರಡು ಮುಕ್ಕಾಲು ಸಲ, ಆದರೆ ಮುಕ್ಕಾಲು ಸಲ ಹೋಗೋಕಾಗಲ್ಲವಾದ್ದರಿಂದ ಮೂರು ಸಲ. ಎರಡು ಮುಕ್ಕಾಲು ಅನ್ನೋದು ಸರಿಯೋ ಅಂತ ಆಮೇಲೆ ಇನ್ನೊಂದು ಸಲ ಭಾಗಿಸಿ ನೋಡಿದೆ…”

ಮಂದಾಳ ಭುಜ ಇಳಿಯಿತು. ನಾನು ಹಾಡದೆ, ಮುಖ ಮಾಡದೆ, ಕೈ ಕುಣಿಸದೆ ಹೇಳುತ್ತಾ ಹೋದೆ. ಎರಡನೇದು ವೈಪರ್ ರಬ್ಬರು. ಮೂರನೇದು, ಕೆಂಪು ಬಣ್ಣದ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ತೊಳೆಯಲು ಬೇಕಾಗುವ ನೀರು, ಬೂದು ಬಣ್ಣದ ಮೇಲೆ ಹಾಕಿದರೆ ಕಾಣದೇ ಇರುವ ಅನುಕೂಲ. ನಾಲ್ಕನೇದಕ್ಕೆ ಬಂದಾಗ ಅವಳು ಆಕಳಿಸಿದಳು. ಆಣೆಯಿಟ್ಟು ಹೇಳುತ್ತೇನೆ, ಆ ಆಕಳಿಕೆಯ ಬಾಯಿ ಮುಚ್ಚುವಷ್ಟರಲ್ಲಿ ಜೋಳದ ಹೊಲ ಪೂರ್ತಿ ಹಿಂದಕ್ಕೆ ಹೋಗಿತ್ತು. ಚಿಮಣಿ ಕಿರುಬೆರಳಾಯಿತು, ಹೆಬ್ಬೆರಳಾಯಿತು, ಮೊಳಕೈ ಆಯಿತು. ಹೊಗೆಯ ವಾಸನೆ ಬಂತು. ಇಡೀ ಬಸ್ಸನ್ನು ಮಧ್ಯಾಹ್ನದವರೆಗೆ ದಾರಿಯಲ್ಲೇ ಇಟ್ಟಿದ್ದ ನಾನು, ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಇಷ್ಟು ಸಪ್ಪೆಯೇ ಎಂದು ಎದೆಯೊಳಗೆ ಚುಳ್ಳೆಂದಿತು. ಆದರೆ ಯೋಚಿಸಲು ಹೊತ್ತಿರಲಿಲ್ಲ, ಏಳನೇ ಅಂಶ ಬಾಕಿಯಿತ್ತು.

ಭಟ್ಟಿಯ ಬೇಲಿ ಕಾಣಿಸುವಷ್ಟು ಹತ್ತಿರ ಬಂದಾಗ ಮಂದಾ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. “ಪಾಪ ರೀ ನೀವು, ನನಗೋಸ್ಕರ ಎಷ್ಟು ಕಷ್ಟಪಟ್ಟು ಕೊರೀತಿದೀರಿ” ಎಂದಳು. ಅವಳ ಕೆನ್ನೆಯಲ್ಲಿ ಗುಳಿ ಬೀಳತೊಡಗಿತು. ಬೇಲಿ ಹಿಂದಕ್ಕೆ ಜಾರಿತು. ನಡುವೆ ಎಲ್ಲಿಂದಲೋ ಒಂದು ಮಾವಿನ ತೋಪು ತಲೆಯೆತ್ತಿತು. ಇನ್ನು ಒಂದೇ ದಾರಿ.

“ಎರಡನೇ ಅಂಶದಲ್ಲಿ ಒಂದು ಸಣ್ಣ ತಪ್ಪಾಗಿದೆ,” ಎಂದೆ. “ಮತ್ತೆ ಮೊದಲಿಂದ ಹೇಳ್ತೀನಿ.”

ಗಾಡಿ ಗಕ್ಕನೆ ಜವರಮ್ಮನ ಅಂಗಳದಲ್ಲಿ ನಿಂತಿತ್ತು. ಕೋಳಿಗಳು ಹಾರಿ ಬೇಲಿ ಹತ್ತಿದವು. ಜವರಮ್ಮ ಒಲೆಗೆ ಸೌದೆ ಇಡುತ್ತಿದ್ದವಳು ಹಾಗೇ ಎದ್ದುನಿಂತು, “ಅಯ್ಯೋ, ಇಷ್ಟು ಬಿರ್ರನೆ ಬಂದುಬುಟ್ರಾ? ನೀರು ಇನ್ನೂ ಬೆಚ್ಚಗೂ ಆಗಿಲ್ವಲ್ಲ!” ಎಂದಳು. ಮಂದಾ ಆಗಲೇ ಒಳಗಿದ್ದಳು.

ನಾನು ಜಗಲಿಯಲ್ಲಿ ಕೂತೆ. ಪುಟ್ಟತಾಯಿಯ ಗಂಡ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಿದ್ದ. ಅವನ ಭಯಕ್ಕೆ ಅಂಗಳವೇ ಕುಗ್ಗಿಹೋಗಿ, ಎರಡು ಹೆಜ್ಜೆಗೆ ಗೋಡೆ ಬರುತ್ತಿತ್ತು. ಒಳಗೆ ಮಂದಾಳ ದನಿ ಒಂದೇ ಸಮ ಕೇಳುತ್ತಿತ್ತು, “ಉಸಿರು ತಗೋ, ಬಿಡು, ಚೆನ್ನಾಗಿ ಮಾಡ್ತಿದೀಯ ತಾಯಿ.” ನಾಲ್ಕು ಗಂಟೆ ದಾಟಿ ಐದು ನಿಮಿಷಕ್ಕೆ ಮಗು ಅತ್ತಿತು. ಹೆಣ್ಣು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು, ಬಿಡಿಸುವ ಕೈ ಆ ಹೊತ್ತಿಗೆ ಹತ್ತಿರ ಇಲ್ಲದಿದ್ದರೆ ಅಳುತ್ತಿರಲಿಲ್ಲವೇನೋ ಎಂದು ಮಂದಾ ಆಮೇಲೆ ಹೇಳಿದಳು. ಆಗ ಬಾಗಿಲಲ್ಲಿ ನಿಂತು, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಅಂಗಳ ಎಷ್ಟು ದೊಡ್ಡದಾಯಿತೆಂದರೆ ಬೇಲಿಯ ಮೇಲಿದ್ದ ಕೋಳಿಗಳು ಕಣ್ಣಿಗೆ ಗುಬ್ಬಿಗಳ ಹಾಗೆ ಕಂಡವು.

ಹೊರಟಾಗ ಐದು ಗಂಟೆ. ಮಂದಾ ಛಾವಣಿ ಮಡಚಿದಳು. “ಈಗ?” ಎಂದೆ. “ಈಗ ನಿಮ್ಮಿಷ್ಟ. ಯಾರನ್ನ ಬೇಕಾದ್ರೂ ಮಾಡಿ” ಎಂದಳು. ನಾನು ಹೆಡ್‌ಮಾಸ್ಟರ ಮೈಕಿನಿಂದ ಶುರುಮಾಡಿ, ನಡುವಿನತ್ತೆ, ಕಂಡಕ್ಟರು, ಇಬ್ಬರು ಶಾಸಕರು, ಒಂದು ಹುಂಜ, ಕೊನೆಗೆ ಅಚ್ಯುತಣ್ಣ ಹುಂಜಕ್ಕೆ ಮೈಲೇಜ್ ವಿಷಯ ಹೇಳುವವರೆಗೆ ಬಂದೆ. ದಾರಿ ಹೊಳೆಯ ಹಾಗೆ ಬಳುಕಿ ಬಳುಕಿ ಹೋಯಿತು. ಸೂರ್ಯಕಾಂತಿ, ಕುಸುಬೆ, ಹೆಸರು ಗೊತ್ತಿಲ್ಲದ ಒಂದು ಹಳ್ಳ, ಅದರ ಮೇಲೆ ನಮಗೆಂದೇ ಕಟ್ಟಿದಂಥ ಸೇತುವೆ. ನಗು ಒಂದಿಷ್ಟು ತಣ್ಣಗಾದಾಗ ಅವಳು ಕೇಳಿದಳು. “ಅದೇನೋ ಲೆಕ್ಕ ಹಾಕಿದ್ರಲ್ಲ, ಕೊನೆಗೆ ಏನು ಬಂತು?”

“ಡಬ್ಬಿನೇ ಲಾಭ ಅಂತ ಬಂತು.”

“ಮತ್ತೆ ನನಗೆ ಹೇಳ್ಲಿಲ್ಲ?”

“ಪುಟ ಹರಿದು ಹಾಕಿದೆ. ಹರಿಯೋಕೆ ಮುಂಚೆ ಓದಿದ್ದು ಬಾಯಿಪಾಠ ಆಗಿಬಿಟ್ಟಿತ್ತು, ಅಷ್ಟೇ.”

ಮುಂದಿನ ತಿರುವು ಎಷ್ಟು ಹೊತ್ತಿಗೂ ಮುಗಿಯಲೇ ಇಲ್ಲ. ಮುಗಿದಾಗ ಅಲ್ಲಿ ಒಂದು ಹುಣಸೇಮರವಿತ್ತು. ಮರದ ಕೆಳಗೆ ನೀಲಿ ಬೆಂಚು. ಬೆಂಚಿನ ಹಿಂದೆ ಹೊಗೆಯಾಡುವ ಬಾಣಲಿ.

ಮಂದಾ ಗಾಡಿ ನಿಲ್ಲಿಸಿದಳು. ಬಾಣಲಿಯ ಹಿಂದಿನ ಮುದುಕ ಜಾಲರಿ ಸೌಟು ಕೈಯಲ್ಲಿ ಹಿಡಿದೇ ಹಣೆಗೆ ಕೈಯಡ್ಡ ಮಾಡಿ ನೋಡಿದ. “ಜೀಪಿನ ಸರ್ವೇಯರ್ ಮಗಳಲ್ವೇನಮ್ಮ ನೀನು? ಜಡೆ ಬಿಟ್ರೆ ಹಂಗೇ ಇದೀಯ. ಅಪ್ಪಾಜಿ ಎಲ್ಲಿ?” ಅಪ್ಪ ಹೋಗಿ ಒಂಬತ್ತು ವರ್ಷವಾಯಿತೆಂದು ಮಂದಾ ಹೇಳಿದಳು. ಮುದುಕ ಸೌಟನ್ನು ಕೆಳಗಿಟ್ಟು, “ಅದಕ್ಕೇ ಮತ್ತೆ, ಆಮೇಲೆ ಈ ಕಡೆ ಯಾರೂ ಬರಲೇ ಇಲ್ಲ” ಎಂದು ಹೀರೇಕಾಯಿ ಹೆಚ್ಚತೊಡಗಿದ. “ಎಣ್ಣೆ ಮಾತ್ರ ದಿನಾ ಕಾಯಿಸಿ ಇಡ್ತೀನಿ. ಯಾರಿಗೆ ಯಾವಾಗ ಖುಷಿಯಾಗ್ತದೋ ಯಾರಿಗೆ ಗೊತ್ತು?”

ಆ ಬಜ್ಜಿಯ ರುಚಿಯನ್ನು ನಾನು ಬರೆಯಲು ಹೋಗುವುದಿಲ್ಲ. ಹೊರಗೆ ಗರಿಗರಿ, ಒಳಗೆ ಹೀರೇಕಾಯಿ ಇನ್ನೂ ಹಸಿರಾಗಿಯೇ ಇತ್ತು ಎಂದಷ್ಟೇ ಹೇಳಬಲ್ಲೆ. ನಾಲ್ಕನೆಯದನ್ನು ಕಚ್ಚುವಾಗ ಫೋನು ಬಂತು. ಅಚ್ಯುತಣ್ಣ. “ಎಲ್ಲಿದೀಯಾ ಮಂದಾ? ಹೆರಿಗೆ ಆಯ್ತಂತಲ್ಲ, ಜವರಮ್ಮ ಊರಿಗೆಲ್ಲ ಹೇಳ್ತಿದಾಳೆ. ಶೋರೂಮ್ ಆರೂವರೆಗೆ ಬಾಗಿಲು ಹಾಕ್ತಾರೆ, ನಾನು ನಿಮ್ಮ ಜಗಲೀಲಿ ಅರ್ಜಿ ಹಿಡ್ಕೊಂಡು ಕೂತಿದೀನಿ. ಇನ್ನೆಷ್ಟು ದೂರ?”

ಮಂದಾ ಬಾಯಿ ತುಂಬಿಕೊಂಡೇ ದಾರಿಯ ಎರಡೂ ಕಡೆ ನೋಡಿ, “ಗೊತ್ತಿಲ್ಲ ಅಣ್ಣ. ಇನ್ನೂ ಬೇಕಾದಷ್ಟಿದೆ” ಎಂದಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಚ್ಯುತಣ್ಣ ಜಗಲಿಯ ತುದಿಯಲ್ಲಿ ಕೂತಿದ್ದರು, ಒಂದು ಕೈಯಲ್ಲಿ ಅರ್ಜಿ, ಒಂದು ಕೈಯಲ್ಲಿ ಪೆನ್ನು. “ಹೆರಿಗೆಗೆ ತಡ ಆಗಲಿಲ್ಲ, ಒಪ್ಕೋತೀನಿ,” ಎಂದು ಶುರುಮಾಡಿದರು, “ಆದರೆ ವಿಷಯ ಏನಪ್ಪಾ ಅಂದ್ರೆ…” ಮಂದಾ ಮುತ್ತುಗದೆಲೆಯ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದಳು. ಅದು ಇನ್ನೂ ಬಿಸಿಯಾಗಿತ್ತು. ಕೊನೆಯ ಮೈಲಿಯಲ್ಲಿ ನಾನು ಬೇಕೆಂದೇ ವೈಪರ್ ರಬ್ಬರಿನ ವಿಷಯ ತೆಗೆದಿದ್ದೆ.

ಅಚ್ಯುತಣ್ಣ ಒಂದನ್ನು ಎತ್ತಿಕೊಂಡು ಕಚ್ಚಿದರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ನಿಧಾನವಾಗಿ ಅಗಿದರು. ಇನ್ನೊಂದು ತೆಗೆದುಕೊಂಡರು. ಮೂರನೆಯದಾದ ಮೇಲೆ, ನಾನು ಎಂದೂ ಕೇಳದ, ನಾನು ಮಾಡಿ ತೋರಿಸಲಾರದ ಒಂದು ಸಣ್ಣ ದನಿಯಲ್ಲಿ ಹೇಳಿದರು. “ಅಪ್ಪ ಇದನ್ನ ನನ್ನ ಜೇಬಲ್ಲಿ ಇಡ್ತಿದ್ದ. ನಿದ್ದೆಯಿಂದ ಎದ್ದಾಗ ಜೇಬೆಲ್ಲ ಎಣ್ಣೆಯಾಗಿರ್ತಿತ್ತು. ಎಲ್ಲಿಂದ ಬಂತು ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ.”

ಪೊಟ್ಟಣದಲ್ಲಿ ಉಳಿದ ಒಂದು ಬಜ್ಜಿಯನ್ನೂ ಮುಗಿಸಿ, ಅವರು ಆಚೀಚೆ ನೋಡಿ, ಕೈಯಲ್ಲಿದ್ದ ಅರ್ಜಿಯಿಂದ ಒಂದೊಂದೇ ಬೆರಳನ್ನು ಶುದ್ಧವಾಗಿ ಒರೆಸಿಕೊಂಡರು. ಮಂದಾಳ ಹೆಸರು, ವಿಳಾಸ, ಸಹಿಯ ಖಾಲಿ ಜಾಗ, ಎಲ್ಲದರ ಮೇಲೂ ಎಣ್ಣೆ ಹರಡಿತು.

ಈಗ ನಮ್ಮ ವ್ಯವಸ್ಥೆ ಹೀಗಿದೆ. ಹೆರಿಗೆಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಅಚ್ಯುತಣ್ಣ, ಹಿಂದೆ ನಾನು, ತುಟಿ ಹೊಲಿದುಕೊಂಡು. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಹಳ್ಳಿಯೇ ಎದುರಿಗೆ ಬಂದು ನಿಲ್ಲುತ್ತದೆ. ಇದುವರೆಗೆ ಒಂದು ಮಗುವಿಗೂ ನಮಗಾಗಿ ಕಾಯಬೇಕಾಗಿ ಬಂದಿಲ್ಲ. ಬರುವಾಗ ಜಾಗ ಬದಲಾಯಿಸುತ್ತೇವೆ. ಹಿಂದಿನ ಸೀಟಿಗೆ ಹೋದ ಅಚ್ಯುತಣ್ಣ ಬೆಲ್ಟು ಬಿಗಿದುಕೊಂಡು, ಕಣ್ಣಗಲಿಸಿ, “ಮೇಷ್ಟ್ರೇ, ನನ್ನನ್ನ ಮಾಡ್ತೀರಂತಲ್ಲ, ಅದನ್ನೇ ಮಾಡಿ ನೋಡೋಣ. ಹುಣಸೇಮರ ಬರೋವರೆಗೂ ನಾನು ನಿದ್ದೆ ಮಾಡಲ್ಲ” ಎನ್ನುತ್ತಾರೆ.